ಡಾಲಿಮೌಂಟ್‌ಗೆ ಹೊರಟ ಡಬ್ಲಿನ್ ಕನ್ನಡಿಗರಿಗೆ ಒಂದು ಬಹಿರಂಗ ಪತ್ರ

ಡಬ್ಲಿನ್ ಮತ್ತು ಸುತ್ತಮುತ್ತಲಿನ ಕನ್ನಡ ಬಂಧುಗಳೇ, ನಮಸ್ಕಾರ.

ಮೇ ತಿಂಗಳಲ್ಲಿ ನಾಲ್ಕು ದಿನ ಬಿಸಿಲು ಬಿದ್ದರೆ ಸಾಕು, ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಅದೇ ಪ್ರಶ್ನೆ. ‘ಮಕ್ಕಳನ್ನ ಕರ್ಕೊಂಡು ಹೋಗೋಕೆ ಹತ್ತಿರದಲ್ಲಿ ಯಾವ ಬೀಚ್ ಇದೆ?’ ಐದು ನಿಮಿಷದಲ್ಲಿ ಉತ್ತರ: ‘ಡಾಲಿಮೌಂಟ್.’ ಅದರ ಕೆಳಗೆ ಪಾರ್ಕಿಂಗ್ ಎಲ್ಲಿ, ಬಾರ್ಬೆಕ್ಯೂ ಹಾಕಬಹುದಾ, ಕ್ರಿಕೆಟ್‌ಗೆ ಜಾಗ ಇದೆಯಾ ಎಂಬ ಚರ್ಚೆ ಸಂಜೆವರೆಗೆ ನಡೆಯುತ್ತದೆ. ಶನಿವಾರ ಹೊತ್ತಿಗೆ ಚಿತ್ರಾನ್ನ, ಮೊಸರನ್ನದ ಡಬ್ಬಿಗಳ ಜೊತೆ ಹತ್ತಾರು ಕುಟುಂಬಗಳು ಅಲ್ಲಿರುತ್ತವೆ.

ಹೋಗಬೇಡಿ ಅಂತ ಹೇಳಲು ಈ ಪತ್ರ ಬರೆಯುತ್ತಿಲ್ಲ. ಧಾರಾಳವಾಗಿ ಹೋಗಿ. ಆದರೆ ಆ ಮರಳು ಬುಲ್ ಐಲೆಂಡ್ ಎಂಬ ದ್ವೀಪದ ಒಂದು ಬದಿ ಮಾತ್ರ. ಇಡೀ ದ್ವೀಪವೇ ರಕ್ಷಿತ ಪ್ರದೇಶ. ನಾವು ಹೋಗುವ ಕಾಲ, ನಿಲ್ಲುವ ಜಾಗ, ಮಾಡುವ ಗದ್ದಲ, ಈ ಮೂರನ್ನು ಸ್ವಲ್ಪ ಬದಲಿಸಿಕೊಳ್ಳಬೇಕು ಅನ್ನೋದು ನನ್ನ ಕೇಳಿಕೆ. ದೊಡ್ಡ ಗುಂಪಿನ ಆಟ, ಊಟವನ್ನು ಎದುರಿನ ಪಾರ್ಕಿಗೆ ಒಯ್ಯಿರಿ. ದ್ವೀಪವನ್ನು ನೋಡಲು ಚಳಿಗಾಲದಲ್ಲಿ ಬನ್ನಿ, ಉಬ್ಬರದ ಹೊತ್ತು ನೋಡಿಕೊಂಡು. ಇದು ಯಾಕೆ ಅಂತ ಹೇಳುತ್ತೇನೆ.

ಇನ್ನೂರು ವರ್ಷದ ಹಿಂದೆ ಬುಲ್ ಐಲೆಂಡ್ ಅನ್ನೋದು ಇರಲೇ ಇಲ್ಲ. ಅಲ್ಲಿ ಇದ್ದದ್ದು ಇಳಿತದಲ್ಲಿ ಮಾತ್ರ ತಲೆ ಎತ್ತುವ ಒಂದು ಮರಳಗುಡ್ಡೆ. ಆ ಕಾಲದಲ್ಲಿ ಡಬ್ಲಿನ್ ಬಂದರಿನ ದೊಡ್ಡ ತಲೆನೋವು ಹೂಳು. ಲಿಫಿ ನದಿಯ ಬಾಯಲ್ಲಿ ಮರಳು ತುಂಬಿ, ದೊಡ್ಡ ಹಡಗುಗಳು ಉಬ್ಬರಕ್ಕೆ ಕಾಯಬೇಕಿತ್ತು. ದಕ್ಷಿಣದ ಕಡೆ ಉದ್ದನೆಯ ಕಲ್ಲಿನ ಗೋಡೆ ಆಗಲೇ ಎದ್ದಿತ್ತು, ಸಮಸ್ಯೆ ತೀರಿರಲಿಲ್ಲ. 1800ರ ಸುಮಾರಿಗೆ ಕೊಲ್ಲಿಯ ಆಳ ಅಳೆದು ನಕ್ಷೆ ಮಾಡಲು ಒಬ್ಬ ನಾವಿಕನನ್ನು ಕರೆಸಿದರು. ಅವನು ವಿಲಿಯಂ ಬ್ಲೈ. ಹೌದು, 1789ರಲ್ಲಿ ಬೌಂಟಿ ಹಡಗಿನಲ್ಲಿ ಸಿಬ್ಬಂದಿ ದಂಗೆ ಎದ್ದು ದೋಣಿಯಲ್ಲಿ ಬಿಟ್ಟು ಹೋದರಲ್ಲ, ಅದೇ ಕ್ಯಾಪ್ಟನ್. ಕೊನೆಗೆ ಕಟ್ಟಿದ ಗೋಡೆ ಅವನು ಹೇಳಿದಂತೆ ಇರಲಿಲ್ಲ ಅನ್ನೋದು ಬೇರೆ ಮಾತು. 1819ರಲ್ಲಿ ಕ್ಲಾಂಟಾರ್ಫ್ ಕಡೆಯಿಂದ ಮರದ ಸೇತುವೆ ಹಾಕಿದರು. ಅದರ ಮೇಲೆ ಕಲ್ಲು ಸಾಗಿಸಿ, 1825ರ ಹೊತ್ತಿಗೆ ಉತ್ತರದ ಗೋಡೆ, ಅಂದರೆ ಬುಲ್ ವಾಲ್, ಮುಗಿಸಿದರು.

ಆ ಗೋಡೆಯ ಕೆಲಸ ನೋಡಿ, ಎಷ್ಟು ಚಂದ. ಅದರ ಹೊರತುದಿಯನ್ನು ಬೇಕೆಂದೇ ತಗ್ಗಾಗಿ ಬಿಟ್ಟಿದ್ದಾರೆ. ಉಬ್ಬರ ತುಂಬಿದಾಗ ಆ ಭಾಗ ನೀರಿನಡಿ ಇರುತ್ತದೆ. ನೀರು ಇಳಿಯಲು ಶುರುವಾದಾಗ ಸ್ವಲ್ಪ ಹೊತ್ತು ಗೋಡೆಯ ಮೇಲೂ ಹರಿಯುತ್ತದೆ. ಆಮೇಲೆ ಗೋಡೆ ತಲೆ ಎತ್ತುತ್ತದೆ, ಉಳಿದ ನೀರೆಲ್ಲ ಎರಡು ಗೋಡೆಗಳ ನಡುವಿನ ಕಿರಿದಾದ ಬಾಯಿಂದಲೇ ನುಗ್ಗಬೇಕು. ಆ ರಭಸಕ್ಕೆ ತಳದ ಮರಳು ಕಿತ್ತು ಹೊರಗೆ ಹೋಗುತ್ತದೆ. ಯಂತ್ರ ಇಲ್ಲದೆ ಸಮುದ್ರವೇ ತನ್ನ ಹೂಳು ತೆಗೆಯುವ ಏರ್ಪಾಡು. ಹಾಗೆ ಹೊರಬಿದ್ದ ಮರಳು ಎಲ್ಲಿಗೆ ಹೋಗಬೇಕು? ಗೋಡೆಯ ಉತ್ತರಕ್ಕೆ ಹೋಗಿ ಕೂತಿತು. ಮರಳ ಮೇಲೆ ಹುಲ್ಲು ಹುಟ್ಟಿತು, ಹುಲ್ಲು ಮತ್ತಷ್ಟು ಮರಳನ್ನು ಹಿಡಿಯಿತು, ದಿಬ್ಬ ಆಯಿತು. ದಿಬ್ಬದ ಮರೆಯಲ್ಲಿ ಕೆಸರು ನಿಂತಿತು. ಈಗ ಅದು ಸುಮಾರು 5 ಕಿಲೋಮೀಟರ್ ಉದ್ದದ ದ್ವೀಪ.

ನಮ್ಮ ರಂಗನತಿಟ್ಟಿನ ಕಥೆಯೂ ಹೆಚ್ಚು ಕಡಿಮೆ ಇದೇ ಅಲ್ವಾ? 17ನೇ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ಕಾವೇರಿಗೆ ಕಟ್ಟೆ ಕಟ್ಟಿದ್ದು ನೀರಾವರಿಗೆ. ತಿಟ್ಟುಗಳು ತಾವಾಗಿ ಮೂಡಿದವು, ಹಕ್ಕಿಗಳು ತಾವಾಗಿ ಬಂದವು. ಪಕ್ಷಿತಜ್ಞ ಸಲೀಂ ಅಲಿ ಅದನ್ನು ನೋಡಿ ಮೈಸೂರು ಅರಸರಿಗೆ ಹೇಳಿ, 1940ರಲ್ಲಿ ಅದು ಪಕ್ಷಿಧಾಮವಾಯಿತು. ಇಲ್ಲಿ ಸಲೀಂ ಅಲಿಯ ಜಾಗದಲ್ಲಿ ಇದ್ದವರು ಕೆನಡಿ ಎಂಬ ಜೆಸ್ವಿಟ್ ಪಾದ್ರಿ. ಅಂಥವರ ಒತ್ತಾಯದಿಂದ ಬುಲ್ ಐಲೆಂಡ್ 1931ರಲ್ಲಿ ಐರ್ಲೆಂಡಿನ ಮೊದಲ ಪಕ್ಷಿಧಾಮವಾಯಿತು. 1981ರಲ್ಲಿ ಯುನೆಸ್ಕೋ ಇದನ್ನು ಜೀವಗೋಳ ಮೀಸಲು ಎಂದು ಸಾರಿತು. ದೇಶದ ರಾಜಧಾನಿಯ ಎಲ್ಲೆಯೊಳಗೇ ಅಂಥ ಮೀಸಲು ಇರುವುದು ಅಪರೂಪ. 1988ರಲ್ಲಿ ರಾಷ್ಟ್ರೀಯ ನಿಸರ್ಗ ಮೀಸಲಾಯಿತು, ಮಹತ್ವದ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ಪಟ್ಟಿಯಾದ ರಾಮ್ಸಾರ್ ಪಟ್ಟಿಗೂ ಸೇರಿತು. 2015ರಲ್ಲಿ ಜೀವಗೋಳ ಮೀಸಲಿನ ಎಲ್ಲೆಯನ್ನು ಇಡೀ ಡಬ್ಲಿನ್ ಕೊಲ್ಲಿಗೆ ಹಿಗ್ಗಿಸಿದರು. ಇಷ್ಟೆಲ್ಲ ಬಿರುದುಗಳಿರುವ ದ್ವೀಪದ ನಡುವೆಯೇ ಎರಡು ಗಾಲ್ಫ್ ಮೈದಾನಗಳಿವೆ! ಒಂದು 19ನೇ ಶತಮಾನದಿಂದ ಅಲ್ಲೇ ಇದೆ. ಅದರ ಬಗ್ಗೆ ನನಗೆ ಹೇಳಲು ಬಹಳ ಇದೆ, ಆದರೆ ಈ ಪತ್ರದಲ್ಲಿ ಬೇಡ.

ನಮ್ಮಲ್ಲಿ ಹೆಚ್ಚಿನವರು ನೋಡುವುದು ದ್ವೀಪದ ಸಮುದ್ರದ ಬದಿಯನ್ನು. ಅಲ್ಲಿ ಮರಳು, ಗಾಳಿಪಟ, ಎದುರಿಗೆ ಪೂಲ್‌ಬೆಗ್‌ನ ಎರಡು ಪಟ್ಟೆಪಟ್ಟೆ ಚಿಮಣಿಗಳು, ಎಡಕ್ಕೆ ಹೌತ್ ಗುಡ್ಡ. ಫೋಟೋಗೆ ಚೆನ್ನಾಗಿದೆ. ಅಸಲಿ ವ್ಯವಹಾರ ನಡೆಯುವುದು ಬೆನ್ನ ಹಿಂದೆ, ಊರಿನ ಕಡೆಯ ಬದಿಯಲ್ಲಿ. ದ್ವೀಪಕ್ಕೂ ರಸ್ತೆಗೂ ನಡುವೆ ಇರುವ ಲಗೂನ್ (ಉಬ್ಬರದ ನೀರು ಬಂದು ಹೋಗುವ ಹಿನ್ನೀರು), ಅದರ ಕೆಸರು ಬಯಲು, ಅಂಚಿನ ಉಪ್ಪುನೀರಿನ ಜೌಗು. ಕಾರಿನಲ್ಲಿ ಹೋಗುವವರಿಗೆ ಅದು ಬರೀ ರಾಡಿ. ‘ಏನು ವಾಸನೆ ಮಾರಾಯ್ರೆ’ ಅಂತ ಕಿಟಕಿ ಏರಿಸುತ್ತಾರೆ.

ನಾನು ಕುಮಟಾ ಕಡೆಯವ. ಅಘನಾಶಿನಿಯ ಕೆಸರಿಗೂ ಅದೇ ವಾಸನೆ. ಆ ಕೆಸರಿನಲ್ಲಿ ಚಿಪ್ಪಿಕಲ್ಲು ಹೆಕ್ಕಿ ಎಷ್ಟೋ ಮನೆಗಳು ನಡೆಯುತ್ತವೆ, ಅದರ ದಡದ, ಉಪ್ಪುನೀರು ನುಗ್ಗುವ ಗಜನಿ ಗದ್ದೆಗಳಲ್ಲಿ ಕಗ್ಗ ಭತ್ತ ಬೆಳೆಯುತ್ತದೆ. 2024ರಲ್ಲಿ ಅಘನಾಶಿನಿ ಅಳಿವೆಯೂ ರಾಮ್ಸಾರ್ ಪಟ್ಟಿಗೆ ಸೇರಿತು. ಹಾಗಾಗಿ ಕೆಸರನ್ನು ಪಾಳು ಜಾಗ ಅಂದರೆ ನನಗೆ ಸಿಟ್ಟು ಬರುತ್ತದೆ. ಬುಲ್ ಐಲೆಂಡಿನ ಕೆಸರಿನಲ್ಲಿ ಹುಳು, ಕಾಳಿನಷ್ಟು ಸಣ್ಣ ಬಸವನಹುಳು, ಚಿಪ್ಪಿ ಕಿಕ್ಕಿರಿದಿವೆ. ಕರ್ಲ್ಯೂ ಹಕ್ಕಿಯ ಬಾಗಿದ ಉದ್ದ ಕೊಕ್ಕು ಆಳದ ಹುಳುವಿಗೆ. ಆಯ್ಸ್ಟರ್‌ಕ್ಯಾಚರ್‌ನ ಕಿತ್ತಳೆ ಕೊಕ್ಕು ಚಿಪ್ಪಿ ಒಡೆಯಲು. ಗಿಡ್ಡ ಕೊಕ್ಕಿನವು ಮೇಲ್ಮೈಯಲ್ಲೇ ಕುಕ್ಕುತ್ತವೆ. ಒಂದೇ ಬಯಲು, ಒಬ್ಬರ ತಟ್ಟೆಗೆ ಇನ್ನೊಬ್ಬರು ಕೈ ಹಾಕುವುದಿಲ್ಲ.

ಒಂದು ಕಾಲದಲ್ಲಿ ಈ ಲಗೂನಿಗೆ ಕಟ್ಟೆ ಕಟ್ಟಿ, ಸದಾ ನೀರು ನಿಲ್ಲಿಸಿ, ‘ಬ್ಲೂ ಲಗೂನ್’ ಮಾಡುವ ಯೋಜನೆ ಇತ್ತು. ಜನ ದೋಣಿ ವಿಹಾರ ಮಾಡಲಿ ಅಂತ. ಆಗಿದ್ದರೆ ಕೆಸರು ಮೇಲೆ ಬರುತ್ತಲೇ ಇರಲಿಲ್ಲ, ಅದನ್ನು ನಂಬಿದ ಹಕ್ಕಿಗಳ ಊಟವೇ ಮುಗಿಯುತ್ತಿತ್ತು. ಪುಣ್ಯಕ್ಕೆ ಅದು ನಿಂತುಹೋಯಿತು. ನಿಲ್ಲದೆ ಹೋದ ಯೋಜನೆಯೂ ಒಂದಿದೆ. 1964ರಲ್ಲಿ ರಹೀನಿ ಕಡೆಯಿಂದ ದ್ವೀಪಕ್ಕೆ ಕಾಸ್‌ವೇ ಹಾಕಿದರು. ಮಣ್ಣು ತುಂಬಿ ಮಾಡಿದ ರಸ್ತೆ. ಅದರಿಂದ ಲಗೂನ್ ಎರಡು ತುಂಡಾಯಿತು, ನೀರು ಆಚೆಯಿಂದ ಈಚೆಗೆ ಹರಿಯುವುದು ನಿಂತಿತು, ಹೂಳು ಹೆಚ್ಚಿತು. ಹಕ್ಕಿ ನೋಡಲು ಅದಕ್ಕಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ ಅನ್ನೋದೂ ನಿಜ. ಏನು ಮಾಡುವುದು, ಆದದ್ದು ಆಯಿತು, ನಾವು ಅಲ್ಲೇ ನಿಂತು ನೋಡೋಣ.

ಈಗ ಬ್ರೆಂಟ್ ಹೆಬ್ಬಾತುಗಳ ವಿಷಯ. ಇವುಗಳಿಗಾಗಿಯೇ ಈ ಪತ್ರ ಅಂದರೂ ತಪ್ಪಿಲ್ಲ. ಕಪ್ಪು ತಲೆ, ಕಪ್ಪು ಕುತ್ತಿಗೆ, ತೆಳು ಬಣ್ಣದ ಹೊಟ್ಟೆ. ಗಾತ್ರದಲ್ಲಿ ಸಣ್ಣವೇ. ಇವು ಮರಿ ಮಾಡುವುದು ಕೆನಡಾದ ಉತ್ತರ ತುದಿಯ ಆರ್ಕ್ಟಿಕ್ ದ್ವೀಪಗಳಲ್ಲಿ. ಅಲ್ಲಿಂದ ಗ್ರೀನ್‌ಲ್ಯಾಂಡಿನ ಹಿಮದ ಮೇಲೆ ಹಾರಿ, ಐಸ್‌ಲ್ಯಾಂಡಿನಲ್ಲಿ ತಂಗಿ, ಐರ್ಲೆಂಡಿಗೆ ಬರುತ್ತವೆ. ಈ ಬಳಗದ ಬಹುಪಾಲು ಹಕ್ಕಿಗಳು ಚಳಿಗಾಲ ಕಳೆಯುವುದು ಐರ್ಲೆಂಡ್ ದ್ವೀಪದಲ್ಲೇ. ಅಕ್ಟೋಬರ್ ಹೊತ್ತಿಗೆ ಡಬ್ಲಿನ್ ತಲುಪಿ ಏಪ್ರಿಲ್ ತನಕ ಇರುತ್ತವೆ. ಮೊದಲು ಕೊಲ್ಲಿಯಲ್ಲಿ ಬೆಳೆಯುವ ಕಡಲಹುಲ್ಲು ತಿನ್ನುತ್ತವೆ. ಅದು ಮುಗಿದ ಮೇಲೆ ನಗರದ ಪಾರ್ಕುಗಳಿಗೆ, ಶಾಲೆಗಳ ಆಟದ ಮೈದಾನಗಳಿಗೆ ಇಳಿದು ಹುಲ್ಲು ಮೇಯುತ್ತವೆ. ಗದಗದ ಮಾಗಡಿ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತುಗಳು ಸುತ್ತಲಿನ ಹೊಲಗಳಿಗೆ ಇಳಿಯುತ್ತವಲ್ಲ, ಹಾಗೆ. ರಾತ್ರಿ ತಂಗಲು ಮತ್ತೆ ಲಗೂನಿಗೇ ವಾಪಸ್.

ಮಕ್ಕಳಿಗೆ ತೋರಿಸಲು ಒಂದು ಗುಟ್ಟು ಹೇಳುತ್ತೇನೆ. ಆ ವರ್ಷದ ಮರಿಗಳ ರೆಕ್ಕೆಯ ಮೇಲೆ ಬಿಳಿ ಗೀರುಗಳಿರುತ್ತವೆ. ದೊಡ್ಡವಕ್ಕೆ ಕುತ್ತಿಗೆಯ ಬದಿಯಲ್ಲಿ ಬಿಳಿ ಮಚ್ಚೆ. ಮರಿಗಳು ಚಳಿಗಾಲವಿಡೀ ಅಪ್ಪ ಅಮ್ಮನ ಜೊತೆಯೇ ಓಡಾಡುತ್ತವೆ. ಗೀರು ಇರುವವನ್ನು ಎಣಿಸಿದರೆ ಆ ಸಂಸಾರಕ್ಕೆ ಆ ವರ್ಷ ಎಷ್ಟು ಮಕ್ಕಳು ಅಂತ ಗೊತ್ತಾಗುತ್ತದೆ. ಮಕ್ಕಳಿಗೆ ಈ ಕೆಲಸ ಕೊಟ್ಟು ನೋಡಿ, ಮೊಬೈಲ್ ಕೇಳುವುದಿಲ್ಲ.

ಇನ್ನು ಉಬ್ಬರದ ಲೆಕ್ಕ. ಇಳಿತದಲ್ಲಿ ಹಕ್ಕಿಗಳು ಕೊಲ್ಲಿಯ ಉದ್ದಗಲಕ್ಕೂ ಹರಡಿಕೊಂಡು ತಿನ್ನುತ್ತಿರುತ್ತವೆ. ನಿಮಗೆ ಕಾಣುವುದು ದೂರದ ಚುಕ್ಕೆಗಳು. ನೀರು ಏರುತ್ತಾ ಬಂದಂತೆ ಕೆಸರು ಮುಳುಗುತ್ತದೆ, ಹಕ್ಕಿಗಳೆಲ್ಲ ದ್ವೀಪದ ಜೌಗಿನ ಅಂಚಿಗೆ ಬಂದು ಸೇರುತ್ತವೆ. ಸಾವಿರಾರು ಹಕ್ಕಿ, ಒಂದು ಸಣ್ಣ ಪಟ್ಟಿಯ ಮೇಲೆ. ಉಬ್ಬರಕ್ಕೆ ಒಂದೆರಡು ಗಂಟೆ ಮುಂಚೆ ಹೋಗಿ ಕಾಸ್‌ವೇ ಮೇಲೆ ನಿಂತರೆ ಅವೇ ನಿಮ್ಮ ಹತ್ತಿರ ಬರುತ್ತವೆ. ನೀವು ಅವುಗಳ ಹತ್ತಿರ ಹೋಗಬೇಕಾಗಿಲ್ಲ.

ಹೋಗಬಾರದು ಕೂಡ. ಅದು ಅವುಗಳ ವಿಶ್ರಾಂತಿಯ ಹೊತ್ತು. ಡಿಸೆಂಬರಿನಲ್ಲಿ ಇಲ್ಲಿ ಹಗಲು ಏಳೂವರೆ ಗಂಟೆ ಅಷ್ಟೆ. ತಿನ್ನಲು ಸಿಗುವ ಹೊತ್ತನ್ನು ಸಮುದ್ರವೇ ನಿಗದಿ ಮಾಡುತ್ತದೆ. ತಿಂದ ಬಲವನ್ನು ಚಳಿಯಲ್ಲಿ ಮೈ ಬೆಚ್ಚಗಿಡಲು ಉಳಿಸಿಕೊಳ್ಳಬೇಕು. ಪ್ರತಿ ಸಲ ಎಬ್ಬಿಸಿದಾಗಲೂ ಅದರಲ್ಲಿ ಒಂದಿಷ್ಟು ಖರ್ಚು. ‘ಪೆರಿಗ್ರಿನ್ ಡೇಗೆ ಎಂಬ ಬೇಟೆಹಕ್ಕಿ ಬಂದರೂ ಹಾರುತ್ತವಲ್ಲ’ ಅಂತ ಒಬ್ಬರು ನನ್ನ ಹತ್ತಿರ ವಾದ ಮಾಡಿದರು. ಹಾರುತ್ತವೆ, ನಿಜ. ಆದರೆ ಡೇಗೆ ಒಂದನ್ನು ಹಿಡಿದು ಹೋಗುತ್ತದೆ. ಬೆಳಗಿನಿಂದ ಸಂಜೆವರೆಗೆ ಪಾಳಿಯ ಮೇಲೆ ಓಡಿಸುವುದಿಲ್ಲ.

ಈಗ ನಮ್ಮ ಗುಂಪುಗಳ ವಿಷಯಕ್ಕೆ ಬರುತ್ತೇನೆ. ಹೆಸರು ಹೇಳುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ಹೋದ ಚಳಿಗಾಲ ಒಂದು ವಿಡಿಯೋ ಗುಂಪಿನಿಂದ ಗುಂಪಿಗೆ ಓಡಾಡಿತು. ಪುಟಾಣಿಗಳು ಕೈ ಚಾಚಿ ಓಡುತ್ತವೆ, ಮುಂದೆ ಇಡೀ ಹಿಂಡು ಎದ್ದು ಹಾರುತ್ತದೆ, ಹಿನ್ನೆಲೆಯಲ್ಲಿ ಸಿನಿಮಾ ಹಾಡು. ಕೆಳಗೆ ಹಾರ್ಟ್‌ಗಳೋ ಹಾರ್ಟ್‌ಗಳು. ಮಕ್ಕಳದೇನೂ ತಪ್ಪಿಲ್ಲ, ಹಿಂದಿನಿಂದ ‘ಓಡು, ಓಡು’ ಎನ್ನುವ ದನಿ ದೊಡ್ಡವರದು. ಇನ್ನೊಬ್ಬರು ಡ್ರೋನ್ ಹಾರಿಸಿ ಮೇಲಿನಿಂದ ತೆಗೆದಿದ್ದರು. ಹಕ್ಕಿಗಳಿಗೆ ಡ್ರೋನ್ ಅಂದರೆ ಹೋಗದೇ ಇರುವ ಡೇಗೆ. ದಯವಿಟ್ಟು ಇಂಥವನ್ನು ಮುಂದೆ ಕಳಿಸಬೇಡಿ. ಮೆಚ್ಚುಗೆ ಸಿಕ್ಕಿದ್ದನ್ನು ಮುಂದಿನ ವಾರ ಇನ್ನೊಬ್ಬರು ಮಾಡುತ್ತಾರೆ.

ಹೊಸದಾಗಿ ನಾಯಿ ಸಾಕಿದವರಿಗೂ ಒಂದು ಮಾತು. ನಮ್ಮಲ್ಲಿ ಈಗ ಬಹಳ ಮನೆಗಳಲ್ಲಿ ಲ್ಯಾಬ್ರಡಾರ್, ಕಾಕಪೂ ಬಂದಿವೆ, ಸಂತೋಷ. ದ್ವೀಪದಲ್ಲಿ ಇರುವಷ್ಟು ಹೊತ್ತೂ ಬೆಲ್ಟ್ ಬಿಚ್ಚಬೇಡಿ. ಒಂದು ಕಾಲಕ್ಕೆ ಈ ದಿಬ್ಬಗಳಲ್ಲಿ ಐರಿಶ್ ಮೊಲ ಧಾರಾಳವಾಗಿತ್ತು. ಆಮೇಲೆ ತೀರಾ ಕಡಿಮೆಯಾಯಿತು, ಬಿಟ್ಟ ನಾಯಿಗಳ ಕಾಟ ಅದಕ್ಕೆ ಒಂದು ಕಾರಣ. ವಸಂತದಲ್ಲಿ ಸ್ಕೈಲಾರ್ಕ್ ಹುಲ್ಲಿನ ಬುಡದಲ್ಲಿ, ನೆಲದ ಮೇಲೆಯೇ ಮೊಟ್ಟೆ ಇಡುತ್ತದೆ. ನಿಮ್ಮ ನಾಯಿ ಎಷ್ಟೇ ಸಾಧುವಾದರೂ ಅದು ಆ ಹಕ್ಕಿಗೆ ಗೊತ್ತಿಲ್ಲ. ಉತ್ತರದ ತುದಿಯಲ್ಲಿ, ಸಟನ್ ಕಡೆಗೆ, ಸೀಲ್‌ಗಳು ಮರಳ ಮೇಲೆ ಮಲಗಿರುತ್ತವೆ. ಅಲ್ಲಿಗಂತೂ ನಾಯಿ ಬೇಡವೇ ಬೇಡ. ಸೆಲ್ಫಿಯೂ ಬೇಡ.

‘ನಾಯಿ ಬಿಡೋರು ಇಲ್ಲಿನವರೇ ಜಾಸ್ತಿ, ಕೈಟ್‌ಸರ್ಫಿಂಗ್ ಮಾಡೋರೂ ಅವರೇ. ನಮಗೆ ಮಾತ್ರ ಯಾಕೆ ಬುದ್ಧಿ?’ ಈ ಪ್ರಶ್ನೆ ಬಂದೇ ಬರುತ್ತದೆ. ಮಾತು ನಿಜ. ಅವರಿಗೆ ಹೇಳುವುದನ್ನು ಇಂಗ್ಲಿಷಿನಲ್ಲಿ ಹೇಳುತ್ತಲೇ ಇದ್ದೇನೆ, ಕೆಲವರಿಂದ ಬೈಸಿಕೊಂಡೂ ಇದ್ದೇನೆ. ಕನ್ನಡದಲ್ಲಿ ಹೇಳಲು ಇಲ್ಲಿ ಬೇರೆ ಯಾರೂ ಇಲ್ಲ, ಅದಕ್ಕೆ ಈ ಪತ್ರ. ಇನ್ನೊಂದು ವಿಷಯ, ನಾವು ಹೋಗುವುದು ಗುಂಪಾಗಿ. ಒಬ್ಬ ನಾಯಿ ಹಿಡಿದು ನಡೆಯುವುದಕ್ಕೂ, ಅರವತ್ತು ಜನ ಒಂದೇ ಜಾಗದಲ್ಲಿ ಸ್ಪೀಕರ್ ಹಾಕಿಕೊಂಡು ಕೂರುವುದಕ್ಕೂ ವ್ಯತ್ಯಾಸ ಇಲ್ವಾ?

ಅದಕ್ಕೇ ಸಂಘಗಳ ಪದಾಧಿಕಾರಿಗಳಲ್ಲಿ ಕೇಳಿಕೊಳ್ಳುತ್ತೇನೆ. ಬೇಸಿಗೆಯ ಕುಟುಂಬ ಕೂಟ, ಹಗ್ಗಜಗ್ಗಾಟ, ಲಗೋರಿ, ಕ್ರಿಕೆಟ್ ಇವನ್ನು ದ್ವೀಪದಲ್ಲಿ ಇಡಬೇಡಿ. ಕಾಸ್‌ವೇಗೆ ಎದುರಿಗೇ ಸೇಂಟ್ ಆ್ಯನ್ಸ್ ಪಾರ್ಕ್ ಇದೆ. ಹಿಂದೆ ಗಿನ್ನೆಸ್ ಮನೆತನದ ಎಸ್ಟೇಟ್ ಆಗಿದ್ದದ್ದು. ದೊಡ್ಡ ಮೈದಾನ, ಮರದ ನೆರಳು, ಗುಲಾಬಿ ತೋಟ, ಕೆಫೆ, ಶೌಚಾಲಯ ಎಲ್ಲ ಇದೆ. ಗಾಳಿಗೆ ಚಿತ್ರಾನ್ನದಲ್ಲಿ ಮರಳು ಬೀಳುವುದಿಲ್ಲ. ದೊಡ್ಡ ಕಾರ್ಯಕ್ರಮವಾದರೆ ನಗರಪಾಲಿಕೆಯ ಅನುಮತಿ ಮೊದಲೇ ಕೇಳಿ. ಮುಗಿದ ಮೇಲೆ ನಾಲ್ಕು ಜನ ನಾಲ್ಕು ಜನವಾಗಿ ದ್ವೀಪಕ್ಕೆ ನಡೆದು ಹೋಗಿ ಬನ್ನಿ, ಯಾರು ಬೇಡ ಅಂತಾರೆ?

ಬೇಸಿಗೆಯಲ್ಲಿ ದ್ವೀಪಕ್ಕೆ ಹೋದರೆ ಬುಲ್ ವಾಲ್ ಕಡೆಯ ತುದಿ ಒಳ್ಳೆಯದು. 1930ರ ದಶಕದಲ್ಲಿ ಈಜುವವರಿಗೆಂದು ಕಟ್ಟಿದ ಕಾಂಕ್ರೀಟ್ ಮಂಟಪಗಳು ಇನ್ನೂ ಇವೆ. ಹರ್ಬರ್ಟ್ ಸಿಮ್ಸ್ ಎಂಬ ವಾಸ್ತುಶಿಲ್ಪಿಯ ಕೆಲಸ, ನನಗೆ ಬಹಳ ಇಷ್ಟ. ಜೋರು ಮಳೆ ಬಂದ ಮರುದಿನ ನೀರಿಗೆ ಇಳಿಯುವ ಮುಂಚೆ ಪಾಲಿಕೆಯ ಸೂಚನೆ ನೋಡಿ, ಕೊಳಚೆ ಸೇರಿರುವ ದಿನಗಳಲ್ಲಿ ಈಜಬೇಡಿ ಅಂತ ಹಾಕುತ್ತಾರೆ. ದಿಬ್ಬಗಳ ನಡುವೆ ಬಾರ್ಬೆಕ್ಯೂ ಬೇಡ. ಒಣಹುಲ್ಲು, ಸಮುದ್ರದ ಗಾಳಿ, ಒಂದು ಕೆಂಡ ಸಾಕು. ಆ ಹುಲ್ಲಿನ ಬೇರೇ ದಿಬ್ಬವನ್ನು ಹಿಡಿದಿಟ್ಟಿರುವುದು. ಹುಲ್ಲು ಹೋದರೆ ಗಾಳಿ ಮರಳನ್ನು ಎತ್ತಿಕೊಂಡು ಹೋಗುತ್ತದೆ. ಜೂನ್ ತಿಂಗಳಲ್ಲಿ ದಿಬ್ಬಗಳ ನಡುವಿನ ತಗ್ಗುಗಳಲ್ಲಿ ನೆಲದ ಆರ್ಕಿಡ್‌ಗಳು ಅರಳುತ್ತವೆ, ನಮ್ಮ ಮಲೆನಾಡಿನ ಸೀತಾಳೆ ದಂಡೆಯ ನೆಂಟರು. ಜೇನ್ನೊಣದಂತೆ ಕಾಣುವ ಹೂವಿನ ಒಂದು ಬಗೆಯೂ ಇದೆ. ಕಾಲುದಾರಿ ಬಿಟ್ಟು ನಡೆದರೆ ತುಳಿದದ್ದು ಗೊತ್ತೇ ಆಗುವುದಿಲ್ಲ.

ಕರಾವಳಿಯವರಿಗೆ ಗುಟ್ಟಾಗಿ ಒಂದು ಮಾತು. ಚಿಪ್ಪಿ ಕಂಡ ಕೂಡಲೇ ನಮ್ಮ ಕೈ ಸುಮ್ನೆ ಇರುವುದಿಲ್ಲ, ನನಗೆ ಗೊತ್ತು. ಇಲ್ಲಿ ಹೆಕ್ಕಬೇಡಿ. ಒಂದನೆಯದಾಗಿ ಅದು ಹಕ್ಕಿಗಳ ಪಾಲು. ಎರಡನೆಯದು, ಇಡೀ ನಗರದ ನೀರು ಬಂದು ಸೇರುವುದು ಈ ಕೊಲ್ಲಿಗೇ, ಸುಕ್ಕ ಮಾಡಿ ತಿಂದರೆ ಆಮೇಲೆ ಪರದಾಟ. ಕೆಸರಿಗೆ ಇಳಿಯುವುದೂ ಬೇಡ. ಮೇಲೆ ಗಟ್ಟಿ ಕಾಣುತ್ತದೆ, ಮೊಣಕಾಲವರೆಗೆ ಹೂತುಕೊಳ್ಳುತ್ತದೆ, ನೀರು ಏರುವಾಗ ಸಣ್ಣ ಕಾಲುವೆಗಳು ಹಿಂದಿನಿಂದ ತುಂಬಿಕೊಂಡು ಬರುತ್ತವೆ.

ಬರುವ ದಾರಿ ಸುಲಭ. ಡಾರ್ಟ್ ರೈಲಿನಲ್ಲಿ ರಹೀನಿಗೆ ಬಂದು ಇಳಿದರೆ ಸಮುದ್ರದ ಕಡೆಗೆ ಅರ್ಧ ಗಂಟೆಯೊಳಗಿನ ನಡಿಗೆ. ಕಾರು ಬೇಕಾಗಿಲ್ಲ. ಕಾಸ್‌ವೇ ಮೇಲೆ ಗಾಳಿ ಅಂದರೆ ಗಾಳಿ, ಟೊಪ್ಪಿ, ಕೈಗವಸು, ಮಕ್ಕಳಿಗೆ ಇನ್ನೊಂದು ಜೊತೆ ಸಾಕ್ಸ್ ತನ್ನಿ. ಫ್ಲಾಸ್ಕಿನಲ್ಲಿ ಕಾಫಿ ಇರಲಿ. ದೂರ್ಬೀನು ಇಲ್ಲದಿದ್ದರೂ ನಡೆಯುತ್ತದೆ, ಉಬ್ಬರದ ಹೊತ್ತಲ್ಲಿ ಬರೀ ಕಣ್ಣಿಗೇ ಬೇಕಾದಷ್ಟು ಕಾಣುತ್ತದೆ.

ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ, ಶನಿವಾರ ಅಥವಾ ಭಾನುವಾರ ಹಗಲಲ್ಲಿ ಉಬ್ಬರ ಬೀಳುವ ದಿನಗಳನ್ನು ಪಟ್ಟಿ ಮಾಡಿ ಗುಂಪುಗಳಿಗೆ ಹಾಕುತ್ತೇನೆ. ಕಾಸ್‌ವೇಯ ರಸ್ತೆ ಬದಿಯಲ್ಲೇ ನಿಲ್ಲುವುದು, ಜೌಗಿಗೆ ಇಳಿಯುವುದಿಲ್ಲ, ಒಂದು ಸಲಕ್ಕೆ ಎಂಟು ಹತ್ತು ಜನ ಮಾತ್ರ. ಜಾಸ್ತಿ ಜನ ಬರುವುದಾದರೆ ಇನ್ನೊಂದು ದಿನ ಇಟ್ಟುಕೊಳ್ಳೋಣ. ಬರುವವರು ಹಿಂದಿನ ರಾತ್ರಿ ಒಂದು ಮೆಸೇಜ್ ಹಾಕಿ. ಮಳೆ ಇದ್ದರೂ ನಾನು ಅಲ್ಲಿರುತ್ತೇನೆ.

ಇಂತಿ ನಿಮ್ಮವ,
ರಹೀನಿಯ ಒಬ್ಬ ಕನ್ನಡಿಗ